ನಕಲಿ ಮಾಲು ಬಂದರಿನಲ್ಲೇ ನಿಲ್ಲಬೇಕಾದರೆ

ನಕಲಿ ಮಾಲು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೈಚೀಲ, ವಾಚು, ಬೂಟು, ಕೂಲಿಂಗ್ ಗ್ಲಾಸು. "ಫಸ್ಟ್ ಕಾಪಿ ಸಾರ್, ಒರಿಜಿನಲ್ ಪಕ್ಕದಲ್ಲಿಟ್ಟರೂ ಗೊತ್ತಾಗಲ್ಲ" ಅಂತ ಅಂಗಡಿಯವನು ಹೇಳುತ್ತಾನೆ. ಕೊಳ್ಳುವವನಿಗೂ ಗೊತ್ತಿರುತ್ತದೆ, ಮಾರುವವನಿಗೂ ಗೊತ್ತಿರುತ್ತದೆ. ಇದರಲ್ಲಿ ಯಾರಿಗೆ ಏನು ನಷ್ಟ, ದೊಡ್ಡ ಕಂಪನಿಗೆ ನಾಲ್ಕು ಕಾಸು ಕಡಿಮೆಯಾಗಬಹುದು ಅಷ್ಟೇ, ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೇ ನಾನು ಇವತ್ತು ಕೈಚೀಲದಿಂದ ಶುರು ಮಾಡುವುದಿಲ್ಲ. ಬೇರಿಂಗ್‌ನಿಂದ ಶುರು ಮಾಡುತ್ತೇನೆ.

ಪೀಣ್ಯದ ಕೈಗಾರಿಕಾ ಪ್ರದೇಶದಿಂದ ಬಂದವರು ಇಲ್ಲಿ ಸುಮಾರು ಜನ ಇದ್ದೀರಿ. ಬೇರಿಂಗ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಮೆಷಿನ್‌ನ ತಿರುಗುವ ಭಾಗವನ್ನು ಹಿಡಿದಿಡುವ ಉಕ್ಕಿನ ಬಳೆ. ಡಬ್ಬಿ ಅದೇ ಬಣ್ಣದ್ದು, ಮೇಲಿನ ಹೆಸರು ಅದೇ, ಒಳಗಿನ ಎಣ್ಣೆ ಕಾಗದವೂ ಅದೇ ಥರದ್ದು. ಉಕ್ಕು ಮಾತ್ರ ಬೇರೆ. ಹೀಟ್ ಟ್ರೀಟ್‌ಮೆಂಟ್ ಸರಿಯಾಗಿ ಆಗಿರುವುದಿಲ್ಲ. ಕೆಲವು ಸಲ ಹಳೇ ಬೇರಿಂಗನ್ನೇ ಪಾಲಿಶ್ ಹೊಡೆದು, ಹೊಸದಾಗಿ ನಂಬರ್ ಕೆತ್ತಿ, ಹೊಸ ಡಬ್ಬಿಗೆ ಹಾಕಿರುತ್ತಾರೆ. ಅದನ್ನು ಕೊಂಡವನು ಫಸ್ಟ್ ಕಾಪಿ ಬೇಕು ಅಂತ ಕೇಳಿ ಕೊಂಡಿರುವುದಿಲ್ಲ. ಪೂರ್ತಿ ದುಡ್ಡು ಕೊಟ್ಟು, ಒರಿಜಿನಲ್ ಅಂತ ನಂಬಿ ಮೆಷಿನ್‌ಗೆ ಹಾಕಿರುತ್ತಾನೆ. ಅದು ಒಡೆದಾಗ ಮೆಷಿನ್ ನಿಲ್ಲುತ್ತದೆ. ಪಕ್ಕದಲ್ಲಿ ಆಪರೇಟರ್ ನಿಂತಿದ್ದರೆ ಅವನ ಕೈಗೂ ಏಟು ಬೀಳಬಹುದು. ಬ್ರೇಕ್ ಪ್ಯಾಡ್, ಮೊಬೈಲ್ ಚಾರ್ಜರ್, ಮುಖಕ್ಕೆ ಹಚ್ಚುವ ಕ್ರೀಮು, ಮಕ್ಕಳು ಬಾಯಿಗೆ ಇಡುವ ಆಟಿಕೆ, ಎಲ್ಲದರಲ್ಲೂ ಇದೇ ಕಥೆ. ಔಷಧಿಯಲ್ಲಂತೂ ಕೇಳಲೇಬೇಡಿ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 10ರಲ್ಲಿ 1 ಔಷಧಿ ಕಳಪೆ ಇಲ್ಲವೇ ನಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು.

ಒಟ್ಟು ವ್ಯಾಪಾರ ಎಷ್ಟು ದೊಡ್ಡದು? ಒಇಸಿಡಿ ಅನ್ನುವ ಮುಂದುವರಿದ ದೇಶಗಳ ಆರ್ಥಿಕ ಸಂಘಟನೆ ಮತ್ತು ಯುರೋಪಿನ ಬೌದ್ಧಿಕ ಆಸ್ತಿ ಕಚೇರಿ ಸೇರಿ 2025ರಲ್ಲಿ ಒಂದು ವರದಿ ತಂದವು. ದೇಶದಿಂದ ದೇಶಕ್ಕೆ ಹೋಗುವ ನಕಲಿ ಸರಕಿನ ಬೆಲೆ 2021ರಲ್ಲಿ ಸುಮಾರು 46,700 ಕೋಟಿ ಡಾಲರ್, ಅಂದರೆ ಜಗತ್ತಿನ ಒಟ್ಟು ಆಮದಿನಲ್ಲಿ ಶೇಕಡಾ 2.3 ಅಂತ ಅದರ ಲೆಕ್ಕ. ಇದರಲ್ಲಿ ದೊಡ್ಡ ಪಾಲು ಹೊರಡುವುದು ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ. ಕಳ್ಳ ವ್ಯಾಪಾರವನ್ನು ಎಣಿಸುವುದು ಸುಲಭ ಅಲ್ಲ, ಆದ್ದರಿಂದ ಇದು ಅಂದಾಜೇ. ಆದರೂ ಗಾತ್ರ ಗೊತ್ತಾಯಿತು ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಉಳಿದ ಎಲ್ಲ ಮಾತೂ ಅದರ ಸುತ್ತಲೇ ಬರುತ್ತದೆ. ನಕಲಿಯನ್ನು ತಡೆಯುವ ಕಾನೂನು ನಮ್ಮಲ್ಲಿ ಇದೆ, ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಒರಿಜಿನಲ್ ಮಾಡುವವನು ಮುಂದೆ ಬಂದು "ಇದು ನನ್ನದು, ನನ್ನದು ಹೀಗಿರುತ್ತದೆ" ಅಂತ ಹೇಳದಿದ್ದರೆ ಆ ಕಾನೂನು ಹೆಚ್ಚು ಕಡಿಮೆ ಸುಮ್ನೆ ಕೂತಿರುತ್ತದೆ. ದೊಡ್ಡ ಕಂಪನಿಗಳು ಇದನ್ನು ಬಳಸಿಕೊಂಡಿವೆ. ನಮ್ಮ ಸಣ್ಣ ಕೈಗಾರಿಕೆಯವರಲ್ಲಿ ಬಹಳ ಜನಕ್ಕೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ.

ಮೊದಲು ಮಾಲು ಒಳಗೆ ಬರುವುದು ಹೇಗೆ ಅಂತ ನೋಡೋಣ. ಚೀನಾದಿಂದ ಹೊರಟ ಕಂಟೇನರ್ ಚೆನ್ನೈಗೋ, ಮುಂಬೈ ಪಕ್ಕದ ನಾವಾ ಶೇವಾಗೋ ಬಂದು ಇಳಿಯುತ್ತದೆ. ಬೆಂಗಳೂರಿಗೆ ಬರಬೇಕಾದದ್ದು ಅಲ್ಲೇ ಕ್ಲಿಯರ್ ಆಗಿ ಲಾರಿ ಹತ್ತಬಹುದು. ಇಲ್ಲವೇ ಸೀಲ್ ಹಾಗೇ ಇಟ್ಟುಕೊಂಡು ರೈಲಿನಲ್ಲಿ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊಗೆ ಬರಬಹುದು. ಹಗುರದ, ದುಬಾರಿ ಮಾಲು ದೇವನಹಳ್ಳಿಯ ಏರ್ ಕಾರ್ಗೋಗೆ ಬರುತ್ತದೆ. ಎಲ್ಲಿಗೇ ಬರಲಿ, ಆಮದುದಾರನ ಪರವಾಗಿ ಕಸ್ಟಮ್ಸ್ ಬ್ರೋಕರ್ ಕಂಪ್ಯೂಟರ್‌ನಲ್ಲಿ ಬಿಲ್ ಆಫ್ ಎಂಟ್ರಿ ಹಾಕುತ್ತಾನೆ. ಇವರನ್ನು ಈಗಲೂ ಎಲ್ಲರೂ ಸಿಎಚ್‌ಎ ಅಂತಲೇ ಕರೆಯುವುದು. ಮಾಲು ಏನು, ಎಷ್ಟು, ಬೆಲೆ ಎಷ್ಟು, ಯಾವ ದೇಶದ್ದು, ಎಲ್ಲ ಅದರಲ್ಲಿ ಇರುತ್ತದೆ. 2011ರಿಂದ ಸುಂಕದ ಲೆಕ್ಕವನ್ನೂ ಆಮದುದಾರನೇ ಹಾಕಿಕೊಳ್ಳಬೇಕು.

ಪೆಟ್ಟಿಗೆ ಬಿಚ್ಚಬೇಕೋ ಬೇಡವೋ ಅಂತ ಹೇಳುವುದು ಒಂದು ಸಾಫ್ಟ್‌ವೇರ್. ಅದರ ಹೆಸರು ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್, 2005ರಿಂದ ಇದೆ. ಆಮದುದಾರ ಯಾರು, ಹಿಂದೆ ಏನಾದರೂ ತಪ್ಪು ಮಾಡಿದ್ದಾನಾ, ಮಾಲು ಯಾವ ಬಗೆ, ಎಲ್ಲಿಂದ ಬಂತು ಅಂತ ತೂಗಿ ನೋಡಿ, ಇದನ್ನು ತೆರೆಯಿರಿ, ಇದನ್ನು ಹಾಗೇ ಬಿಡಿ ಅಂತ ಹೇಳುತ್ತದೆ. ಬಹುಪಾಲು ಮಾಲು ತೆರೆಯದೇ ಹೊರಗೆ ಹೋಗುತ್ತದೆ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳಬೇಡಿ. ಬಂದ ಕಂಟೇನರನ್ನೆಲ್ಲ ತೆರೆಯುತ್ತಾ ಕೂತರೆ ಬಂದರೇ ಕಟ್ಟಿಕೊಳ್ಳುತ್ತದೆ. ನೀವು ತರಿಸಿದ ಕಚ್ಚಾಮಾಲಿಗೂ ದಿನಕ್ಕಿಷ್ಟು ಅಂತ ಡೆಮರೇಜ್, ಅಂದರೆ ತಡವಾದದ್ದಕ್ಕೆ ಕಟ್ಟುವ ಬಾಡಿಗೆ, ಬೀಳುತ್ತದೆ. ನೆಟ್ಟಗೆ ವ್ಯಾಪಾರ ಮಾಡುವವರ ಮಾಲು ಬೇಗ ಹೋಗಬೇಕು. ಅನುಮಾನ ಇದ್ದದ್ದು ನಿಲ್ಲಬೇಕು. ಸಾಫ್ಟ್‌ವೇರ್‌ಗೆ ಅನುಮಾನ ಬರಬೇಕಾದರೆ ಅದಕ್ಕೆ ಮೊದಲು ಮಾಹಿತಿ ಹೋಗಿರಬೇಕು.

ಒಂದು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ನಾನು ಕಸ್ಟಮ್ಸ್ ವಕಾಲತ್ತಿನಲ್ಲಿ ಇರುವವನು, ಇಂಥ ಪರೀಕ್ಷೆಗಳಲ್ಲಿ ಪಕ್ಕದಲ್ಲಿ ನಿಂತು ನೋಡಿದ್ದೇನೆ. 40 ಅಡಿಯ ಕಂಟೇನರ್. ಕಾಗದದಲ್ಲಿ "ಬ್ರ್ಯಾಂಡ್ ಇಲ್ಲದ ಸ್ಪೋರ್ಟ್ಸ್ ಶೂ" ಅಂತ ಇದೆ. ಬಾಗಿಲ ಸೀಲ್ ನಂಬರನ್ನು ಕಾಗದದ ಜೊತೆ ತಾಳೆ ನೋಡುತ್ತಾರೆ, ಆಮೇಲೆ ಬೋಲ್ಟ್ ಕಟರ್‌ನಿಂದ ಕತ್ತರಿಸುತ್ತಾರೆ. ಬಾಗಿಲು ತೆರೆದರೆ ರಟ್ಟಿನ ಪೆಟ್ಟಿಗೆಗಳ ಗೋಡೆ. ಮುಂದಿನ ಸಾಲಿನ ಪೆಟ್ಟಿಗೆ ತೆರೆದರೆ ಹೇಳಿದ ಮಾಲೇ ಇರುತ್ತದೆ, ಸಾದಾ ಶೂ. ಅನುಭವ ಇರುವ ಅಧಿಕಾರಿ ಅಲ್ಲಿಗೆ ನಿಲ್ಲಿಸುವುದಿಲ್ಲ. "ಒಳಗಿನಿಂದ ತೆಗೀರಿ" ಅನ್ನುತ್ತಾರೆ. ಹಮಾಲಿಗಳು ಸಾಲು ಸಾಲಾಗಿ ಪೆಟ್ಟಿಗೆ ಇಳಿಸುತ್ತಾರೆ. ಸೆಕೆ, ರಬ್ಬರ್ ವಾಸನೆ, ಧೂಳು. ಹಿಂದಿನ ಸಾಲಿನ ಶೂ ತೆಗೆದು ನೋಡಿದರೆ ಅದೂ ಸಾದಾ ಥರವೇ ಕಾಣುತ್ತದೆ. ಆದರೆ ಪಕ್ಕದಲ್ಲಿ ಒಂದು ತೆಳು ಬಟ್ಟೆಯ ಪಟ್ಟಿ ಅಂಟಿಸಿದೆ. ಉಗುರು ಹಾಕಿ ಎಳೆದರೆ ಕಿತ್ತು ಬರುತ್ತದೆ. ಕೆಳಗೆ ಜಗತ್ತಿಗೆಲ್ಲ ಗೊತ್ತಿರುವ ಕಂಪನಿಯ ಗುರುತು.

ಇನ್ನೂ ಜಾಣತನ ಮಾಡುವವರು ಆ ಪಟ್ಟಿಯನ್ನೂ ಹಾಕುವುದಿಲ್ಲ. ಶೂ ಒಂದು ಹಡಗಿನಲ್ಲಿ ಬರುತ್ತದೆ, ಅದರ ಮೇಲೆ ಏನೂ ಇರುವುದಿಲ್ಲ. ಲೇಬಲ್, ಟ್ಯಾಗ್, ಹೋಲೋಗ್ರಾಮ್, ಖಾಲಿ ಡಬ್ಬಿ ಬೇರೊಬ್ಬರ ಹೆಸರಿನಲ್ಲಿ ಕೊರಿಯರ್‌ನಲ್ಲಿ ಬರುತ್ತವೆ. ಊರಿಗೆ ಬಂದ ಮೇಲೆ ಯಾವುದೋ ಗೋದಾಮಿನಲ್ಲಿ ಎರಡನ್ನೂ ಸೇರಿಸುತ್ತಾರೆ. ಬಂದರಿನಲ್ಲಿ ಶೂ ನೋಡಿದ ಅಧಿಕಾರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಾಗಾಗಿ ಕೊರಿಯರ್ ಟರ್ಮಿನಲ್‌ನಲ್ಲಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಸಾವಿರಾರು ಲೇಬಲ್ ಸಿಕ್ಕಿದರೆ ಅದು ಕಂಟೇನರ್ ಹಿಡಿದಷ್ಟೇ ದೊಡ್ಡ ಕೆಲಸ.

ಈಗ ಆ ಅಧಿಕಾರಿಯ ಕಡೆಯಿಂದ ಯೋಚನೆ ಮಾಡಿ. ಬೆಳಿಗ್ಗೆ ಶೂ ನೋಡಿದವರು ಮಧ್ಯಾಹ್ನ ಬೇರಿಂಗ್ ನೋಡಬೇಕು, ಸಂಜೆ ಪ್ರಿಂಟರ್ ಇಂಕ್. ಪ್ರತಿಯೊಂದು ಕಂಪನಿಯ ಹೊಲಿಗೆ ಹೇಗಿರುತ್ತದೆ, ಸೀರಿಯಲ್ ನಂಬರ್ ಎಲ್ಲಿ ಕೆತ್ತಿರುತ್ತದೆ, ಡಬ್ಬಿಯ ಮೇಲಿನ ಅಕ್ಷರ ಯಾವ ದಪ್ಪ ಅಂತ ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಅದು ಗೊತ್ತಿರುವುದು ಮಾಡಿದವನಿಗೆ. ಕಾನೂನು ಬರೆದವರು ಇದನ್ನು ಅರ್ಥ ಮಾಡಿಕೊಂಡೇ ಬರೆದಿದ್ದಾರೆ.

ಕಾನೂನು ಹೊಸದೇನಲ್ಲ. ಬ್ರಿಟಿಷರ ಕಾಲದ ಸಮುದ್ರ ಸುಂಕ ಕಾಯ್ದೆಯಲ್ಲೇ ಖೋಟಾ ಟ್ರೇಡ್‌ಮಾರ್ಕ್ ಇರುವ ಸರಕು ತರಬಾರದು ಅಂತ ಇತ್ತು. ಈಗಿರುವುದು 1962ರ ಕಸ್ಟಮ್ಸ್ ಕಾಯ್ದೆ. ಅದರ 11ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಕೆಲವು ಬಗೆಯ ಸರಕನ್ನು ನಿಷೇಧಿಸಬಹುದು. ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್, ಭೌಗೋಳಿಕ ಸೂಚಕ (ಊರಿನ ಹೆಸರಿನಿಂದ ಗುರುತಾಗುವ ಮಾಲಿಗೆ ಸಿಗುವ ಹಕ್ಕು, ಚಿಕ್ಕದಾಗಿ ಜಿಐ) ಇವುಗಳ ರಕ್ಷಣೆಗೂ ಹಾಗೆ ನಿಷೇಧ ಹಾಕಬಹುದು. ಭಾರತ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದಾಗ ಬೌದ್ಧಿಕ ಆಸ್ತಿಯ ಬಗ್ಗೆ ಇರುವ ಟ್ರಿಪ್ಸ್ ಒಪ್ಪಂದಕ್ಕೂ ಸಹಿ ಹಾಕಿತು. ನಕಲಿ ಟ್ರೇಡ್‌ಮಾರ್ಕ್ ಮತ್ತು ಪೈರಸಿ ಸರಕನ್ನು ಗಡಿಯಲ್ಲೇ ತಡೆಯುವ ವ್ಯವಸ್ಥೆ ಮಾಡುತ್ತೇವೆ ಅನ್ನುವುದು ಅದರಲ್ಲಿ ಒಂದು ಮಾತು. ಅದರಂತೆ 2007ರ ಮೇ 8ರಂದು ನಿಯಮಗಳು ಬಂದವು. ಆಮದಾದ ಸರಕಿಗೆ ಸಂಬಂಧಿಸಿದ ಬೌದ್ಧಿಕ ಆಸ್ತಿ ಹಕ್ಕು ಜಾರಿ ನಿಯಮಗಳು ಅಂತ ಉದ್ದದ ಹೆಸರು. ನಾವು 2007ರ ನಿಯಮ ಅಂತ ಕರೆಯೋಣ.

ಆ ನಿಯಮ ಹೇಳುವುದು ಇಷ್ಟು. ಹಕ್ಕುದಾರ, ಅಂದರೆ ಟ್ರೇಡ್‌ಮಾರ್ಕ್‌ನಂಥ ಹಕ್ಕು ಇರುವವನು, ಕಸ್ಟಮ್ಸ್‌ಗೆ ಮೊದಲೇ ನೋಟಿಸ್ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಆನ್‌ಲೈನ್ ಪೋರ್ಟಲ್ ಇದೆ. ಟ್ರೇಡ್‌ಮಾರ್ಕ್ ನೋಂದಣಿ ಪತ್ರ, ಒರಿಜಿನಲ್ ಮಾಲಿನ ಫೋಟೋ, ನಕಲಿಯನ್ನು ಗುರುತಿಸುವುದು ಹೇಗೆ ಅನ್ನುವ ವಿವರ, ಇವೆಲ್ಲ ಕೊಡಬೇಕು. 30 ಕೆಲಸದ ದಿನಗಳಲ್ಲಿ ಅರ್ಜಿ ಒಪ್ಪಿದರೋ ಇಲ್ಲವೋ ಅಂತ ತಿಳಿಸಬೇಕು. ಒಂದು ಕಡೆ ನೋಂದಣಿ ಆದರೆ ದೇಶದ ಎಲ್ಲ ಬಂದರು, ವಿಮಾನ ನಿಲ್ದಾಣ, ಡಿಪೊಗಳಿಗೂ ಆ ಮಾಹಿತಿ ಹೋಗುತ್ತದೆ. ನಾನು ಆಗ ಹೇಳಿದ ಸಾಫ್ಟ್‌ವೇರ್‌ಗೆ ಅನುಮಾನ ಹುಟ್ಟುವುದು ಇದರಿಂದಲೇ.

ಅನುಮಾನದ ಸರಕು ಬಂತು, ಅಧಿಕಾರಿ ಕ್ಲಿಯರೆನ್ಸ್ ತಡೆಹಿಡಿದರು ಅಂತಿಟ್ಟುಕೊಳ್ಳಿ. ಹಕ್ಕುದಾರನಿಗೂ ಆಮದುದಾರನಿಗೂ ತಿಳಿಸುತ್ತಾರೆ. ಅಲ್ಲಿಂದ ಗಡಿಯಾರ ಶುರು. ಹಕ್ಕುದಾರ 10 ಕೆಲಸದ ದಿನಗಳಲ್ಲಿ ಬಂದು ವಿಚಾರಣೆಗೆ ಸೇರಿಕೊಳ್ಳಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ 10 ದಿನ ಸಿಗಬಹುದು. ಕೆಟ್ಟುಹೋಗುವ ಮಾಲಾದರೆ 3 ದಿನ, ಹೆಚ್ಚೆಂದರೆ ಮತ್ತೆ 4 ದಿನ. ಅಷ್ಟರಲ್ಲಿ ಯಾರೂ ಬರಲಿಲ್ಲ ಅಂದರೆ, ಬೇರೆ ತಕರಾರು ಇಲ್ಲದಿದ್ದರೆ ಮಾಲು ಬಿಟ್ಟುಬಿಡಬೇಕು. ನೋಂದಣಿಯೇ ಮಾಡಿಸದಿದ್ದ ಕಂಪನಿಯ ನಕಲಿ ಕಂಡರೂ ಅಧಿಕಾರಿ ಸ್ವಂತ ವಿವೇಚನೆಯಿಂದ ತಡೆಹಿಡಿಯಬಹುದು. ಆದರೆ ಆಗ ಹಕ್ಕುದಾರನಿಗೆ ಸಿಗುವುದು 5 ದಿನ. ಆ 5 ದಿನದಲ್ಲಿ ನೋಟಿಸ್ ಕೊಡಬೇಕು, ಬಾಂಡ್ ಕೊಡಬೇಕು. ವಕೀಲರನ್ನು ಹುಡುಕುವಷ್ಟರಲ್ಲಿ 5 ದಿನ ಮುಗಿದಿರುತ್ತದೆ.

ಬಾಂಡ್, ಅಂದರೆ ನಷ್ಟ ಆದರೆ ಇಷ್ಟು ಕೊಡುತ್ತೇನೆ ಅನ್ನುವ ಮುಚ್ಚಳಿಕೆ, ಯಾಕೆ ಅಂತ ಕೇಳಬಹುದು. ಹಕ್ಕುದಾರ ಸುಳ್ಳು ದೂರು ಕೊಟ್ಟು ಪ್ರತಿಸ್ಪರ್ಧಿಯ ಮಾಲು ನಿಲ್ಲಿಸಿಬಿಟ್ಟರೆ? ಅದಕ್ಕಾಗಿ. 2011ರ ಸುತ್ತೋಲೆ ಪ್ರಕಾರ ತಡೆಹಿಡಿದ ಮಾಲಿನ ಬೆಲೆಯ ಶೇಕಡಾ 110ರಷ್ಟಕ್ಕೆ ಬಾಂಡ್, ಬಾಂಡ್ ಮೊತ್ತದ ಶೇಕಡಾ 25ರಷ್ಟು ಸೆಕ್ಯುರಿಟಿ, ಅಂದರೆ ಭದ್ರತೆ. ಮಾಲು 10 ಲಕ್ಷದ್ದಾದರೆ ಬಾಂಡ್ 11 ಲಕ್ಷಕ್ಕೆ, ಸೆಕ್ಯುರಿಟಿ 2 ಲಕ್ಷ 75 ಸಾವಿರ. ಇದು ನ್ಯಾಯವಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದಿಲ್ಲ ಅಂತ ನಮ್ಮಲ್ಲಿ ಗಾದೆಯೇ ಇದೆ. ಅಲ್ಲಿ ಕೇಳುವುದು ಕಾಗದ ಮತ್ತು ಖಾತ್ರಿ. ನಿಯತ್ತಿನ ಆಮದುದಾರನಿಗೂ ರಕ್ಷಣೆ ಬೇಕು.

ಎರಡೂ ಕಡೆಯವರು ಮಾಲು ಪರೀಕ್ಷಿಸಬಹುದು, ಸ್ಯಾಂಪಲ್ ಕೇಳಬಹುದು. ಬೇರಿಂಗ್ ಆದರೆ ಹಕ್ಕುದಾರರ ಕಡೆಯ ಇಂಜಿನಿಯರ್ ಬಂದು ಕೆತ್ತನೆ, ಡಬ್ಬಿ, ಬಾರ್‌ಕೋಡ್ ನೋಡುತ್ತಾರೆ. ಎಷ್ಟೋ ಸಲ ಬೇರೆ ಬೇರೆ ಡಬ್ಬಿಗಳಲ್ಲಿ ಒಂದೇ ಸೀರಿಯಲ್ ನಂಬರ್ ಇರುತ್ತದೆ. ಕಸ್ಟಮ್ಸ್‌ನವರು ಮಹಜರು ಮಾಡುತ್ತಾರೆ, ಶೋಕಾಸ್ ನೋಟಿಸ್ ಕೊಡುತ್ತಾರೆ, ಆಮದುದಾರನ ಮಾತು ಕೇಳುತ್ತಾರೆ, ಆಮೇಲೆ ಆದೇಶ. ನಕಲಿ ಅಂತ ತೀರ್ಮಾನ ಆದರೆ ಮಾಲು ಮುಟ್ಟುಗೋಲು, ಮೇಲೆ ದಂಡ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಿ ಒಂದು ಹಳೇ ಕೇಸು ಹೇಳುತ್ತೇನೆ, ನನಗೆ ಬಹಳ ಇಷ್ಟದ್ದು. ಕ್ಯಾಸೆಟ್ ಕಾಲ ಅದು. ಸಿಂಗಪುರದಿಂದ ಕಠ್ಮಂಡುವಿನ ಒಂದು ವ್ಯಾಪಾರಿ ಸಂಸ್ಥೆಗೆ ಕ್ಯಾಸೆಟ್ ಹೊರಟಿತ್ತು. ನೇಪಾಳಕ್ಕೆ ಸಮುದ್ರ ಇಲ್ಲವಲ್ಲ, ಕಲ್ಕತ್ತಾ ಬಂದರಿನಲ್ಲಿ ಇಳಿದು ನಮ್ಮ ನೆಲದ ಮೇಲೆ ಹೋಗಬೇಕು. ಅವು ಪೈರಸಿ ಕ್ಯಾಸೆಟ್ ಅಂತ ಹಾಡು ರೆಕಾರ್ಡ್ ಮಾಡುವ ಗ್ರಾಮೊಫೋನ್ ಕಂಪನಿಗೆ ಸುದ್ದಿ ಸಿಕ್ಕಿತು. ಕಂಪನಿ ಕೋರ್ಟಿಗೆ ಹೋಯಿತು. ಮಾಲು ಭಾರತದಲ್ಲಿ ಮಾರುವುದಕ್ಕೆ ಬಂದದ್ದೇ ಅಲ್ಲ, ಸುಮ್ನೆ ಹಾದು ಹೋಗುತ್ತಿದೆ, ಇದು ಆಮದು ಹೇಗಾಗುತ್ತದೆ ಅಂತ ಕಲ್ಕತ್ತಾ ಹೈಕೋರ್ಟಿನ ವಿಭಾಗೀಯ ಪೀಠ ಕೇಳಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಹೊರಗಿನಿಂದ ಭಾರತದ ಒಳಗೆ ತಂದರೆ ಸಾಕು, ಕಾಪಿರೈಟ್ ಕಾಯ್ದೆಯ ಮಟ್ಟಿಗೆ ಅದು ಆಮದೇ, ಬೇರೆ ದೇಶಕ್ಕೆ ಹಾದು ಹೋಗುವ ಮಾಲಾದರೂ ಸರಿ ಅಂದರು. ಟ್ರಿಪ್ಸ್ ಹುಟ್ಟುವುದಕ್ಕೆ 10 ವರ್ಷ ಮೊದಲೇ ನಮ್ಮ ಕೋರ್ಟು ಇಷ್ಟು ಗಟ್ಟಿಯಾಗಿ ಹೇಳಿತ್ತು ಅನ್ನುವುದು ನನಗೆ ಹೆಮ್ಮೆಯ ವಿಷಯ.

ಇನ್ನೊಂದು ಗೊಂದಲ ಬಿಡಿಸಬೇಕು. ಡೀಲರ್‌ನಿಂದ ಬಾರದ ಮಾಲೆಲ್ಲ ನಕಲಿ ಅಲ್ಲ. ಕಂಪನಿಯದೇ ಒರಿಜಿನಲ್ ಪ್ರಿಂಟರನ್ನು ನೀವು ದುಬೈನಲ್ಲೋ ಸಿಂಗಪುರದಲ್ಲೋ ಕಡಿಮೆ ಬೆಲೆಗೆ ಕೊಂಡು ಇಲ್ಲಿಗೆ ತಂದು ಮಾರುತ್ತೀರಿ. ಕಂಪನಿಯ ಇಲ್ಲಿನ ಶಾಖೆಗೆ ಸಿಟ್ಟು ಬರುತ್ತದೆ. ಆದರೆ ಅದು ನಕಲಿಯೇ? ಸ್ಯಾಮ್‌ಸಂಗ್ ಪ್ರಿಂಟರ್‌ಗಳ ಬಗ್ಗೆ ಇಂಥದ್ದೇ ಕೇಸು ದೆಹಲಿ ಹೈಕೋರ್ಟಿಗೆ ಬಂತು. 2012ರ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ, ತರಬಹುದು, ಮಾರಬಹುದು ಅಂದಿತು. ಆದರೆ ಇದಕ್ಕೆ ಸ್ಯಾಮ್‌ಸಂಗ್ ವಾರಂಟಿ ಇಲ್ಲ ಅಂತ ಅಂಗಡಿಯಲ್ಲಿ ಕಾಣುವ ಹಾಗೆ ಬರೆದು ಹಾಕಬೇಕು ಅಂತಲೂ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಕಸ್ಟಮ್ಸ್ ಕೂಡ ಸುತ್ತೋಲೆ ಹೊರಡಿಸಿ, ಟ್ರೇಡ್‌ಮಾರ್ಕ್ ಮಟ್ಟಿಗೆ ಒರಿಜಿನಲ್ ಮಾಲಿನ ಇಂಥ ಆಮದಿಗೆ ಅಡ್ಡಿ ಇಲ್ಲ ಅಂತ ತಿಳಿಸಿತ್ತು. ಆದ್ದರಿಂದ ನಿಮ್ಮ ಮಾಲನ್ನು ಯಾರಾದರೂ ನಕಲಿ ಅಂತ ತಡೆದರೆ ಹೆದರಬೇಡಿ. ಒರಿಜಿನಲ್ ಕಂಪನಿಯಿಂದ ನಿಮ್ಮ ಕೈಗೆ ಬರುವವರೆಗಿನ ಇನ್‌ವಾಯ್ಸ್‌ಗಳನ್ನು ಇಟ್ಟುಕೊಂಡಿರಿ, ಅಷ್ಟೇ.

ಪೇಟೆಂಟ್ ವಿಷಯ ಬೇರೆ. 2007ರಲ್ಲಿ ಅದನ್ನೂ ಈ ನಿಯಮದಲ್ಲಿ ಸೇರಿಸಿದ್ದರು. ಆಗ ತಮಿಳುನಾಡಿನ ಒಬ್ಬರ ಹೆಸರಿನಲ್ಲಿ ಎರಡು ಸಿಮ್ ಹಾಕುವ ಮೊಬೈಲಿನ ಪೇಟೆಂಟ್ ಇತ್ತು. ಅವರು ಕಸ್ಟಮ್ಸ್‌ಗೆ ದೂರು ಕೊಟ್ಟರು. 2009ರಲ್ಲಿ ಎರಡು ಸಿಮ್ಮಿನ ಮೊಬೈಲ್‌ಗಳು ಬಂದಲ್ಲಿ ಬಂದಲ್ಲಿ ನಿಂತವು. ಕಂಪನಿಗಳು ಕೋರ್ಟು, ಮೇಲ್ಮನವಿ ಮಂಡಳಿ ಎಲ್ಲ ಸುತ್ತಿದವು. ಕೊನೆಗೆ 2012ರಲ್ಲಿ ಆ ಪೇಟೆಂಟೇ ರದ್ದಾಯಿತು. ಬೂಟಿನ ಮೇಲಿನ ಗುರುತನ್ನು ಕಣ್ಣಿನಿಂದ ನೋಡಿ ಹೇಳಬಹುದು. ಮೊಬೈಲ್ ಒಳಗಿನ ತಂತ್ರಜ್ಞಾನ ಯಾರ ಹಕ್ಕು ಅಂತ ಕಸ್ಟಮ್ಸ್ ಶೆಡ್‌ನಲ್ಲಿ ನಿಂತು ಹೇಳಲು ಆಗುವುದಿಲ್ಲ. 2018ರ ಜೂನ್‌ನಲ್ಲಿ ಸರ್ಕಾರ ಪೇಟೆಂಟನ್ನು ಈ ನಿಯಮದಿಂದ ತೆಗೆದು ಹಾಕಿತು. ಅದು ಸರಿಯಾದ ನಿರ್ಧಾರ.

ಮುಟ್ಟುಗೋಲಾದ ಮಾಲು ಏನಾಗುತ್ತದೆ? ಇದನ್ನು ಎಲ್ಲರೂ ಕೇಳುತ್ತಾರೆ. ಸಾಮಾನ್ಯ ಕಸ್ಟಮ್ಸ್ ಕೇಸುಗಳಲ್ಲಿ ದಂಡ ಕಟ್ಟಿ ಬಿಡಿಸಿಕೊಳ್ಳುವ, ಇಲ್ಲವೇ ಹರಾಜು ಹಾಕುವ ದಾರಿ ಇರುತ್ತದೆ. ಇಲ್ಲಿ ಹಾಗಿಲ್ಲ. ಅಧಿಕಾರಿಗಳ ಮೇಲ್ವಿಚಾರಣೆಯಲ್ಲಿ ನಾಶ ಮಾಡಬೇಕು. ಇಲ್ಲವೇ ಹಕ್ಕುದಾರ ಒಪ್ಪಿದರೆ ಮಾರುಕಟ್ಟೆಗೆ ಬಾರದ ಹಾಗೆ ವಿಲೇವಾರಿ ಮಾಡಬೇಕು. ಬಂದ ಹಾಗೇ ವಾಪಸ್ ಕಳಿಸುವಂತೆಯೂ ಇಲ್ಲ. ಕಳಿಸಿದರೆ ಅದೇ ಮಾಲು ಇನ್ನೊಂದು ದೇಶದ ಬಂದರಿಗೆ ಹೋಗಿ ಇಳಿಯುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ನಾಶ ಮಾಡುವ ಖರ್ಚು, ಅಲ್ಲಿಯವರೆಗಿನ ಡೆಮರೇಜ್, ಕಂಟೇನರ್ ಬಾಡಿಗೆ ಎಲ್ಲ ಯಾರು ಕೊಡಬೇಕು ಗೊತ್ತಾ? ಹಕ್ಕುದಾರ. ಅವನ ಹೆಸರು ಕದ್ದು, ಅವನ ವ್ಯಾಪಾರ ಕದ್ದ ಮಾಲನ್ನು ಒಡೆದು ಹಾಕುವುದಕ್ಕೂ ಅವನೇ ದುಡ್ಡು ಕೊಡಬೇಕು. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕಿಲ್ಲ. ನಮ್ಮ ಪೀಣ್ಯದ ಒಂದು ಶೆಡ್‌ನವರಿಗೆ ಇದು ಒಂದು ತಿಂಗಳ ಸಂಬಳದ ದುಡ್ಡು. ಈ ನಿಯಮ ಬದಲಾಗಬೇಕು. ಮೊದಲು ಆಮದುದಾರನಿಂದ ವಸೂಲಿ ಮಾಡಲು ನೋಡಬೇಕು, ಅವನು ನಾಪತ್ತೆಯಾದರೆ ಮಾತ್ರ ಹಕ್ಕುದಾರನ ಹತ್ತಿರ ಬರಬೇಕು. ನಿಮ್ಮ ಸಂಘಗಳು ಇದನ್ನು ದೆಹಲಿಗೆ ಬರೆದು ಕೇಳಲಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಕಂಟೇನರ್ ಕಥೆ ಇಷ್ಟಾಯಿತು. ಈಗ ನಕಲಿ ಹೆಚ್ಚು ಹೆಚ್ಚಾಗಿ ಸಣ್ಣ ಪಾರ್ಸೆಲ್‌ನಲ್ಲಿ ಬರುತ್ತಿದೆ. ನಿಯಮದಲ್ಲೇ ಒಂದು ವಿನಾಯಿತಿ ಇದೆ. ಸ್ವಂತ ಬಳಕೆಗೆ ಸಾಮಾನಿನ ಜೊತೆ ತಂದ ಒಂದೆರಡು ವಸ್ತು, ಸ್ವಂತಕ್ಕೆ ತರಿಸಿದ ಸಣ್ಣ ಪಾರ್ಸೆಲ್, ಇವುಗಳಿಗೆ 2007ರ ನಿಯಮ ಅನ್ವಯಿಸುವುದಿಲ್ಲ. ಬ್ಯಾಂಕಾಕ್‌ನಿಂದ ಬಂದವರ ಕೈಯಲ್ಲಿರುವ ಒಂದು ನಕಲಿ ವಾಚನ್ನು ಹಿಡಿಯುತ್ತಾ ಕೂರುವುದು ಬೇಡ ಅಂತ. ಆದರೆ ಒಂದು ಕಾಲದಲ್ಲಿ ಚೀನಾದ ಆನ್‌ಲೈನ್ ಅಂಗಡಿಗಳ ಪಾರ್ಸೆಲ್‌ಗಳು "ಗಿಫ್ಟ್" ಅಂತ ಬರೆದುಕೊಂಡು ಬರತೊಡಗಿದವು. 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಸುಂಕವೂ ಇಲ್ಲ, ಹೆಚ್ಚು ಪರೀಕ್ಷೆಯೂ ಇಲ್ಲ. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಅಂಚೆ ಮತ್ತು ಕೊರಿಯರ್‌ನಲ್ಲಿ ಉಡುಗೊರೆ ಅಂತ ತರಿಸುವುದನ್ನೇ ನಿಷೇಧಿಸಿತು. ಜೀವ ಉಳಿಸುವ ಔಷಧಿಗೆ ಮತ್ತು ರಾಖಿಗೆ ಮಾತ್ರ ಬಿಟ್ಟಿತು. ಅಣ್ಣ ತಮ್ಮಂದಿರಿಗೆ ಹೊರದೇಶದಿಂದ ರಾಖಿ ಕಳಿಸುವ ಹೆಣ್ಣುಮಕ್ಕಳು ಇದ್ದಾರಲ್ಲ, ಅದನ್ನು ನೆನಪಿಟ್ಟುಕೊಂಡದ್ದು ಒಳ್ಳೆಯದಾಯಿತು.

ಚನ್ನಪಟ್ಟಣದಿಂದ ಬಂದ ಒಬ್ಬರು ಮೊದಲೇ ಚೀಟಿಯಲ್ಲಿ ಒಂದು ಪ್ರಶ್ನೆ ಬರೆದು ಕೊಟ್ಟಿದ್ದಾರೆ. "ನಮ್ಮ ಬೊಂಬೆಗೆ ಜಿಐ ಇದೆ, ಆದರೂ ಚೀನಾ ಬೊಂಬೆ ಬರುವುದು ಯಾಕೆ ನಿಂತಿಲ್ಲ" ಅಂತ. ಇದು ಮುಖ್ಯವಾದ ಪ್ರಶ್ನೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚನ್ನಪಟ್ಟಣದ ಬೊಂಬೆಗೆ 2005-06ರಲ್ಲೇ ಭೌಗೋಳಿಕ ಸೂಚಕ ಸಿಕ್ಕಿದೆ. 2007ರ ನಿಯಮದಲ್ಲಿ ಅದಕ್ಕೂ ಜಾಗ ಇದೆ. ಆದರೆ ಜಿಐ ಕಾಪಾಡುವುದು ಹೆಸರನ್ನು. ಚೀನಾದಿಂದ ಬಂದ ಪೆಟ್ಟಿಗೆಯ ಮೇಲೆ "ಚನ್ನಪಟ್ಟಣ" ಅಂತ ಬರೆದಿದ್ದರೆ ಕಸ್ಟಮ್ಸ್ ತಡೆಯಬಹುದು. ಯಾರೂ ಹಾಗೆ ಬರೆದುಕೊಂಡು ತರುವುದಿಲ್ಲ. "ಮರದ ಆಟಿಕೆ" ಅಂತಷ್ಟೇ ಬರೆದಿರುತ್ತದೆ, ಅದು ಸುಳ್ಳೂ ಅಲ್ಲ. ಆ ಬೊಂಬೆ ಚನ್ನಪಟ್ಟಣದ ಬೊಂಬೆ ಆಗುವುದು ಬೆಂಗಳೂರು ಮೈಸೂರು ರಸ್ತೆಯ ಯಾವುದೋ ಅಂಗಡಿಯ ಶೆಲ್ಫಿನ ಮೇಲೆ. ನಕಲಿ ಹುಟ್ಟುವುದು ಅಲ್ಲಿ. ಅಲ್ಲಿಗೆ ಹೋಗಬೇಕಾದವರು ಪೊಲೀಸರು, ಜಿಐ ಹಕ್ಕು ಇರುವವರು. ಬಂದರಿನ ಅಧಿಕಾರಿಗೆ ಅದು ಕಾಣುವುದೇ ಇಲ್ಲ.

ಬಂದರಿನಲ್ಲಿ ಕೆಲಸಕ್ಕೆ ಬಂದದ್ದು ಬೇರೆ ನಿಯಮ. 2020ರ ಫೆಬ್ರವರಿಯಲ್ಲಿ ಆಟಿಕೆ ಮೇಲಿನ ಸುಂಕ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತು ಇಲ್ಲದ ಆಟಿಕೆ ತರುವಂತಿಲ್ಲ, ಮಾರುವಂತಿಲ್ಲ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ, ಜಿಐ ಹಕ್ಕು ಪಡೆದ ಬಳಕೆದಾರರಿಗೆ ಇದರಿಂದ ವಿನಾಯಿತಿ ಕೊಟ್ಟರು. ಚನ್ನಪಟ್ಟಣದವರು ಈ ವಿನಾಯಿತಿ ಸಿಗಬೇಕಾದರೆ ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಿಕೊಂಡಿರಬೇಕು. ಊರಿನ ಹೆಸರಿಗೆ ಜಿಐ ಇದ್ದರೆ ಸಾಲದು. ಯಾರು ಇನ್ನೂ ಮಾಡಿಸಿಲ್ಲವೋ ದಯವಿಟ್ಟು ಮಾಡಿಸಿಕೊಳ್ಳಿ.

ನಕಲಿ ಎಲ್ಲ ಸಮುದ್ರ ದಾಟಿಯೇ ಬರುತ್ತದೆ ಅಂತಲೂ ಅಲ್ಲ. 2024ರ ಜನವರಿಯಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ನಕಲಿ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ ಪತ್ತೆಯಾಯಿತು. ಅಲ್ಲಿ ಕಸ್ಟಮ್ಸ್‌ಗೆ ಕೆಲಸವೇ ಇಲ್ಲ, ಪೊಲೀಸ್ ದೂರೇ ಆಗಬೇಕು. ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಇಂಥದ್ದಕ್ಕೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಬಂದರಿನಲ್ಲಿ ಸಿಕ್ಕಿದ ಆಮದುದಾರನ ಮೇಲೂ ಈ ದೂರು ಕೊಡಬಹುದು. ಕೊಡಿ ಅನ್ನುತ್ತೇನೆ. ಮಾಲು ಹೋದರೆ ಅವನು ಅದನ್ನು ವ್ಯಾಪಾರದ ನಷ್ಟ ಅಂತ ಬರೆದುಕೊಳ್ಳುತ್ತಾನೆ. ಠಾಣೆಗೆ ಹೋಗಬೇಕಾದರೆ ಎರಡು ಸಲ ಯೋಚನೆ ಮಾಡುತ್ತಾನೆ.

ಕೊಳ್ಳುವವರು ಏನು ಮಾಡಬಹುದು ಅಂತ ಇನ್ನೊಂದು ಚೀಟಿ. ಬೆಲೆ ನೋಡಿದರೇ ಅರ್ಧ ಗೊತ್ತಾಗುತ್ತದೆ. ಮೊಬೈಲ್ ಚಾರ್ಜರ್ ಆದರೆ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದ್ದು ಅಂತ ತೋರಿಸುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಕೌಂಟರ್‌ನಲ್ಲಿ ನಿಂತೇ ಇದನ್ನು ನೋಡಬಹುದು. ಬೇರಿಂಗ್ ಕಂಪನಿಗಳಲ್ಲೂ ಕೆಲವರು ಇಂಥ ಆ್ಯಪ್ ಇಟ್ಟಿದ್ದಾರೆ. ಜೆಸಿ ರಸ್ತೆಯಲ್ಲಿ ಬ್ರೇಕ್ ಪ್ಯಾಡ್ ಕೊಳ್ಳುವಾಗ ಬಿಲ್ ಕೇಳಿ. ಬಿಲ್ ಕೊಡಲ್ಲ ಅಂದರೆ ಆ ಅಂಗಡಿ ಬಿಟ್ಟು ಮುಂದೆ ಹೋಗಿ.

ತಯಾರಕರಿಗೆ ಹೇಳಬೇಕಾದ ಒಂದು ವಿಷಯ ಉಳಿದಿದೆ. ನಿಮ್ಮ ಮಾಲಿಗೆ ಒಂದು ಹೆಸರು ಇದ್ದು, ಅದನ್ನು ನೋಡಿ ಜನ ಕೊಳ್ಳುತ್ತಾರೆ ಅಂದರೆ, ಅದನ್ನು ಚೀನಾದಲ್ಲಿ ಯಾರಾದರೂ ಮಾಡಿಸಿ ತರಬಹುದು. ಪಂಪ್, ಸ್ವಿಚ್, ಟೂಲ್ ಬಿಟ್, ಯಾವುದೇ ಇರಲಿ. ಮೊದಲು ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿ, ಆಮೇಲೆ ಕಸ್ಟಮ್ಸ್ ಪೋರ್ಟಲ್‌ನಲ್ಲಿ ಹಾಕಿ. ಹಾಕುವಾಗ ಒಂದು ಪುಟ ಚೆನ್ನಾಗಿ ಬರೆಯಿರಿ. ನಮ್ಮ ಸೀರಿಯಲ್ ನಂಬರ್ ಇಲ್ಲಿರುತ್ತದೆ, ನಮ್ಮ ಡಬ್ಬಿಯ ಒಳಮಡಿಕೆ ಹೀಗಿರುತ್ತದೆ, ನಾವು ಈ ಮಾಲನ್ನು ಹೊರದೇಶದಲ್ಲಿ ಮಾಡಿಸುವುದೇ ಇಲ್ಲ ಅಂತ. ಆ ಕೊನೆಯ ಸಾಲು ಒಂದೇ ಸಾಕು, ಅಧಿಕಾರಿಗೆ ಕೆಲಸ ಎಷ್ಟೋ ಸುಲಭವಾಗುತ್ತದೆ. ಜೊತೆಗೆ ಫೋನ್ ಎತ್ತುವವರ ನಂಬರ್ ಕೊಡಿ. ನೋಂದಣಿ ಮಾಡಿಸಿದ ವಕೀಲರು ಬದಲಾಗಿರುತ್ತಾರೆ, ಮ್ಯಾನೇಜರ್ ಕೆಲಸ ಬಿಟ್ಟು ಹೋಗಿರುತ್ತಾರೆ, ಪೋರ್ಟಲ್‌ನಲ್ಲಿ ಹಳೇ ನಂಬರೇ ಇರುತ್ತದೆ. ನಾವಾ ಶೇವಾದಿಂದ ಕಾಲ್ ಬರುತ್ತದೆ, ಯಾರೂ ಎತ್ತುವುದಿಲ್ಲ. ಅವರು ಕಳಿಸಿದ ಇಮೇಲ್ ಯಾರೂ ತೆರೆಯುವುದಿಲ್ಲ. 10 ದಿನ ಮುಗಿಯುತ್ತದೆ, ಮಾಲು ಗೇಟ್ ದಾಟುತ್ತದೆ. ನಾಳೆ ಆಫೀಸಿಗೆ ಹೋದ ಮೇಲೆ ಆ ನಂಬರನ್ನು ಒಮ್ಮೆ ನೋಡಿ.